ಬೆಟ್ಟದ ತೊರೆಗೆ ತಕ್ಕ ಕೋಲು

1929ರಲ್ಲಿ ಅಮೆರಿಕದ ಅಧ್ಯಕ್ಷಪದವಿಯನ್ನು ವಹಿಸಿಕೊಂಡ ಹರ್ಬರ್ಟ್ ಹೂವರ್ ಅವರು, ರಾಜಧಾನಿಯ ಬೇಸಗೆಯ ಧಗೆಯಿಂದಲೂ ರಾಜಕಾರಣದ ಕೋಲಾಹಲದಿಂದಲೂ ಆಗಾಗ ದೂರವಾಗಿರುವುದಕ್ಕೆ ತಕ್ಕ ಸ್ಥಳವೊಂದನ್ನು ಅರಸುವಾಗ ಮೂರು ನಿಬಂಧನೆಗಳನ್ನು ಇಟ್ಟುಕೊಂಡಿದ್ದರು: ಆ ಸ್ಥಳವು ವಾಷಿಂಗ್ಟನ್ನಿನಿಂದ 100 ಮೈಲಿಯ ಒಳಗಿರಬೇಕು, ಸೊಳ್ಳೆಗಳ ಉಪದ್ರವ ತಟ್ಟದಂತೆ 2,500 ಅಡಿಗೆ ಕಡಮೆಯಿಲ್ಲದ ಎತ್ತರದಲ್ಲಿರಬೇಕು, ಟ್ರೌಟ್ ಮೀನುಗಳುಳ್ಳ ತೊರೆಯೊಂದು ಬಾಗಿಲ ಬಳಿಯಲ್ಲಿಯೇ ಹರಿಯುತ್ತಿರಬೇಕು. ಮೂರೂ ಕೂಡಿಬಂದುದು ವರ್ಜೀನಿಯಾ ರಾಜ್ಯದ ಬ್ಲೂ ರಿಡ್ಜ್ ಪರ್ವತಶ್ರೇಣಿಯಲ್ಲಿ, ಮಿಲ್ ಪ್ರಾಂಗ್ ಮತ್ತು ಲಾರೆಲ್ ಪ್ರಾಂಗ್ ಎಂಬ ಎರಡು ಝರಿಗಳು ಸಂಗಮಿಸಿ ರಾಪಿಡಾನ್ ನದಿ ಎಂಬ ಹೆಸರನ್ನು ಪಡೆಯುವ ಎಡೆಯಲ್ಲಿ. ಹೂವರ್ ಅವರು ಸ್ವಂತ ಹಣದಿಂದ ಅಲ್ಲಿ ಮರದ ಮನೆಗಳನ್ನು ಕಟ್ಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅಲ್ಲಿಗೆ ಅತಿಥಿಯಾಗಿ ಬಂದು, ತೊರೆಯ ದಡದ ಮರದ ದಿಮ್ಮಿಯ ಮೇಲೆ ಕುಳಿತು ನೌಕಾಬಲವನ್ನು ತಗ್ಗಿಸುವ ವಿಷಯವನ್ನು ಅಧ್ಯಕ್ಷರೊಡನೆ ಚರ್ಚಿಸಿದರು. ಮರುವರ್ಷ ಲಂಡನ್ನಿನಲ್ಲಿ, ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೂ ಪಾಲ್ಗೊಂಡಿದ್ದ ದುಂಡುಮೇಜಿನ ಪರಿಷತ್ತಿಗೆ ಅಧ್ಯಕ್ಷತೆ ವಹಿಸಿದವರು ಇದೇ ಮ್ಯಾಕ್‌ಡೊನಾಲ್ಡರು.

ಈಗ ಆ ಬೀಡು 1935ರಲ್ಲಿ ಸ್ಥಾಪಿತವಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. ವಾಷಿಂಗ್ಟನ್ನಿನ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳೂ, ಮಕ್ಕಳನ್ನು ನೋಡಲೆಂದು ಊರಿನಿಂದ ಹೋದ ತಂದೆತಾಯಿಗಳೂ, ಎಲೆಗಳು ಬಣ್ಣವೇರುವ ಅಕ್ಟೋಬರಿನಲ್ಲಿ ಸ್ಕೈಲೈನ್ ಡ್ರೈವ್ ಎಂಬ ಬೆಟ್ಟದ ನೆತ್ತಿಯ ರಸ್ತೆಯಲ್ಲಿ ಕಾರಿನಲ್ಲಿ ಸಾಗಿ, ಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುವುದುಂಟು. ಆ ರಸ್ತೆಯ ಮಿಲಂ ಗ್ಯಾಪ್ ಎಂಬಲ್ಲಿ ಇಳಿದು ಎರಡು ಮೈಲಿಯಷ್ಟು ಕಾಲುದಾರಿ ಹಿಡಿದರೆ ಈ ತೊರೆ ದೊರೆಯುತ್ತದೆ. ಅದನ್ನು ಕಂಡವರಲ್ಲಿ ಕೆಲವರಿಗಾದರೂ, ಅದರಲ್ಲಿಯೂ ಮಲೆನಾಡಿನ ಹಳ್ಳಗಳಲ್ಲಿ ಬಾಲ್ಯವನ್ನು ಕಳೆದವರಿಗೆ, ಇಲ್ಲೊಂದು ಗಾಳ ಹಾಕಬೇಕೆಂಬ ಆಸೆ ಮೂಡುವುದು ಸ್ವಾಭಾವಿಕ. ಆ ಆಸೆಯನ್ನು ಹೊತ್ತು ಅಂಗಡಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಸಾವಿರ ಡಾಲರಿಗೂ ಮಿಕ್ಕ ಬೆಲೆಯ ಕೋಲು. ಅವನು ಗಾಬರಿಪಡಬೇಕಾದ ಕಾರಣವಿಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಆ ಬೆಲೆ ತೆತ್ತು ಕೊಳ್ಳುವ ಗುಣಗಳಲ್ಲಿ ಬಹುಪಾಲು ಈ ತೊರೆಗೆ ಅನಾವಶ್ಯಕವಾದವು. ಅಷ್ಟೇ ಅಲ್ಲ, ಕೆಲವು ಅಲ್ಲಿ ಅಡ್ಡಿಯೂ ಆಗುತ್ತವೆ.

ಮೊದಲು ತೊರೆಯನ್ನೂ ಅದರ ಮೀನನ್ನೂ ಅರಿತುಕೊಳ್ಳಬೇಕು. ರಾಪಿಡಾನಿನ ಮೇಲ್ಭಾಗದಲ್ಲಿ ನೀರು ಸಮವಾಗಿ ಹರಿಯುವುದಿಲ್ಲ. ಬಂಡೆಯಿಂದ ಬಂಡೆಗೆ ಜಾರಿ, ಪ್ರತಿಯೊಂದು ಬಂಡೆಯ ಕೆಳಗೂ ಸೊಂಟದಾಳದ ಒಂದು ಪುಟ್ಟ ಮಡುವನ್ನು ನಿರ್ಮಿಸಿ, ಅದರ ಅಂಚನ್ನು ಮೀರಿ ಮತ್ತೊಂದಕ್ಕೆ ಧುಮುಕುತ್ತದೆ. ಅನೇಕ ಕಡೆ ತೊರೆಯ ಅಗಲ ಹತ್ತು ಹದಿನೈದು ಅಡಿಯನ್ನು ಮೀರದು. ದಡದುದ್ದಕ್ಕೂ ಲಾರೆಲ್ ಪೊದೆಗಳು ನೀರಿನ ಮೇಲೆ ಬಾಗಿವೆ. ಏಷ್ಯಾದಿಂದ ಬಂದ ಸೂಕ್ಷ್ಮ ಕೀಟವೊಂದರ ಹಾವಳಿಯಿಂದ ಸತ್ತ ಹೆಮ್ಲಾಕ್ ಮರಗಳ ಕಾಂಡಗಳು ಅಲ್ಲಲ್ಲಿ ಅಡ್ಡಬಿದ್ದಿವೆ. ಈ ಮಡುಗಳ ನಿವಾಸಿಯು ಬ್ರೂಕ್ ಟ್ರೌಟ್ ಎಂಬ ಮೀನು. ವರ್ಜೀನಿಯಾದ ಬೆಟ್ಟದ ತೊರೆಗಳಿಗೆ ಟ್ರೌಟ್ ಕುಲದಲ್ಲಿ ಮೂಲನಿವಾಸಿಯೆನ್ನಬಹುದಾದದ್ದು ಇದೊಂದೇ. ಉಳಿದ ಜಾತಿಗಳೆಲ್ಲ ಮನುಷ್ಯನು ತಂದು ಬಿಟ್ಟವು. ಕಪ್ಪುಹಸುರು ಬೆನ್ನಿನ ಮೇಲೆ ಹುಳು ಹರಿದಂತಹ ನಸುಬಣ್ಣದ ಗೆರೆಗಳು, ಪಕ್ಕೆಯಲ್ಲಿ ನೀಲಿ ವಲಯದ ನಡುವೆ ಕೆಂಪು ಬೊಟ್ಟುಗಳು, ಕೆಳಗಿನ ಈಜುರೆಕ್ಕೆಗಳ ಅಂಚಿಗೆ ಹಾಲಿನಂತಹ ಬಿಳಿ. ಇಷ್ಟು ಅಲಂಕಾರವನ್ನು ಧರಿಸಿದ ಮೀನು ಬಹುಮಟ್ಟಿಗೆ ಆರೇಳು ಅಂಗುಲಕ್ಕಿಂತ ಬೆಳೆಯುವುದಿಲ್ಲ. ಹತ್ತು ಅಂಗುಲದ್ದು ಸಿಕ್ಕಿದರೆ ಆ ದಿನವನ್ನು ನೆನಪಿನಲ್ಲಿಡಬಹುದು. ಏಳು ಅಂಗುಲದ ಮೀನಿನ ತೂಕ ಸುಮಾರು 60 ಗ್ರಾಂ. 1995ರ ಜೂನ್ ಕೊನೆಯಲ್ಲಿ ಬಿದ್ದ ಮಹಾಮಳೆಗೆ ಬೆಟ್ಟದ ಮೈಯೇ ಜಾರಿ, ಕಲ್ಲುಮಣ್ಣುಗಳ ಪ್ರವಾಹ ಈ ಕಣಿವೆಯನ್ನು ಗುಡಿಸಿಕೊಂಡು ಹೋದಾಗಲೂ, ಮೇಲಿನ ಉಪಝರಿಗಳಲ್ಲಿ ಉಳಿದ ಮೀನುಗಳಿಂದ ಕೆಲವು ವರ್ಷಗಳಲ್ಲಿಯೇ ತೊರೆ ಮತ್ತೆ ತುಂಬಿತು. ದೇಹ ಪುಟ್ಟದಾದರೂ ಅದರ ಜೀವಶಕ್ತಿ ಅಸಾಧಾರಣವಾದದ್ದು.

ಇನ್ನು ಫ್ಲೈ ರಾಡ್ ಎಂಬ ಉಪಕರಣದ ತತ್ತ್ವ. ನಾವು ಕಂಡ ಗಾಳದಲ್ಲಿ ಎರೆಹುಳುವನ್ನೋ ಹಿಟ್ಟಿನುಂಡೆಯನ್ನೋ ಸಿಕ್ಕಿಸಿ ಎಸೆಯುತ್ತೇವೆ. ಸೀಸದ ಗುಂಡಿನ ಭಾರವು ತನ್ನ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಕೊಕ್ಕೆಯ ಮೇಲೆ ಹಕ್ಕಿಯ ಪುಕ್ಕವನ್ನೂ ಪ್ರಾಣಿಯ ರೋಮವನ್ನೂ ದಾರದಿಂದ ಬಿಗಿದು, ನೀರಿನ ಮೇಲೆ ಇಳಿದ ಕೀಟದಂತೆ ತೋರುವಂತೆ ಮಾಡಿದ ವಸ್ತು. ಅದಕ್ಕೆ ತೂಕವೆಂಬುದೇ ಇಲ್ಲ. ಗಾಳಿಗೆ ಎಸೆದರೆ ಕಾಲಬಳಿಯೇ ಬೀಳುತ್ತದೆ. ಆದ್ದರಿಂದ ಇಲ್ಲಿ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪನಾದ, ನೀರಿನಲ್ಲಿ ತೇಲುವ ಆ ದಾರವು ಹಿಂದಕ್ಕೆ ಚಿಮ್ಮಿದಾಗ ತನ್ನ ಭಾರದಿಂದ ಕೋಲನ್ನು ಬಾಗಿಸುತ್ತದೆ. ಬಾಗಿದ ಕೋಲು ನೆಟ್ಟಗಾಗುವ ರಭಸದಲ್ಲಿ ದಾರವನ್ನು ಮುಂದಕ್ಕೆ ಕಳುಹಿಸುತ್ತದೆ. ದಾರದ ಕೊನೆಗೆ ಕಟ್ಟಿದ, ತುದಿಗೆ ಹೋದಂತೆ ಸಪೂರವಾಗುವ ಲೀಡರ್ ಎಂಬ ಪಾರದರ್ಶಕ ಎಳೆಯು ಬಿಚ್ಚಿಕೊಂಡು, ಫ್ಲೈಯನ್ನು ಸದ್ದಿಲ್ಲದೆ ನೀರಿಗಿಳಿಸುತ್ತದೆ. ಬಾಗದ ಕೋಲು ಎಸೆಯಲಾರದು. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಕೋಲಿನ ಬುಡದಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ: ಮೂರು, ನಾಲ್ಕು, ಐದು ಇತ್ಯಾದಿ. ಅದು ಕೋಲಿನ ತೂಕವಲ್ಲ. ಅದನ್ನು ಸರಿಯಾಗಿ ಬಾಗಿಸಬಲ್ಲ ದಾರದ ದರ್ಜೆ. ರೇಷ್ಮೆಯ ದಾರಗಳ ಕಾಲದಲ್ಲಿ ದಾರವನ್ನು ಅದರ ದಪ್ಪದಿಂದ ಗುರುತಿಸುತ್ತಿದ್ದರು. ಪ್ಲಾಸ್ಟಿಕ್ ಲೇಪದ ದಾರಗಳು ಬಂದ ಮೇಲೆ ದಪ್ಪಕ್ಕೂ ತೂಕಕ್ಕೂ ಇದ್ದ ಹೊಂದಿಕೆ ತಪ್ಪಿದ್ದರಿಂದ, 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರು ಕೂಡಿ, ದಾರದ ಮೊದಲ 30 ಅಡಿಯ ತೂಕವನ್ನೇ ಅಳತೆಯಾಗಿ ಗೊತ್ತುಮಾಡಿದರು. ಮೂರನೆಯ ದರ್ಜೆಯ ದಾರದಲ್ಲಿ ಆ 30 ಅಡಿ 100 ಗ್ರೇನ್, ಎಂದರೆ ಸುಮಾರು ಆರೂವರೆ ಗ್ರಾಂ ತೂಗುತ್ತದೆ. ಐದನೆಯದರಲ್ಲಿ 140 ಗ್ರೇನ್, ಸುಮಾರು ಒಂಬತ್ತು ಗ್ರಾಂ. ಹೊಸಬರಿಗೆಂದು ಎಲ್ಲ ಅಂಗಡಿಗಳವರೂ ಮೊದಲು ಕೈಗಿಡುವುದು ಒಂಬತ್ತು ಅಡಿಯ, ಐದನೆಯ ದರ್ಜೆಯ ಕೋಲನ್ನು. ಅಗಲವಾದ ನದಿಗೆ ಅದು ಯೋಗ್ಯವೇ ಸರಿ. ಆದರೆ ನಮ್ಮ ತೊರೆಯಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಮೀನು ನಮ್ಮಿಂದ ಇಪ್ಪತ್ತು ಅಡಿ ದೂರದಲ್ಲಿದೆ. ಅದರಲ್ಲಿ ಆರೇಳು ಅಡಿಯನ್ನು ಚಾಚಿದ ಕೋಲೇ ದಾಟಿತು. ಏಳೂವರೆ ಅಡಿಯನ್ನು, ತೂಕವೇ ಇಲ್ಲದ ಲೀಡರ್ ದಾಟಿತು. ಕೋಲಿನ ತುದಿಯಿಂದ ಹೊರಗಿರುವ ನಿಜವಾದ ದಾರ ಉಳಿದದ್ದು ಸುಮಾರು ಆರು ಅಡಿ ಮಾತ್ರ. ಐದನೆಯ ದರ್ಜೆಯ ದಾರವೇ ಆದರೂ ಅದರ ತೂಕ ಎರಡು ಗ್ರಾಮಿನ ಆಸುಪಾಸು. ಒಂಬತ್ತು ಗ್ರಾಮಿಗೆ ಬಾಗಲೆಂದು ರಚಿಸಿದ ಕೋಲು ಎರಡು ಗ್ರಾಮಿಗೆ ಬಾಗುವುದೆಂತು? ಅದು ಒಣಗಿದ ದೊಣ್ಣೆಯಂತೆ ನಿಶ್ಚಲವಾಗಿರುತ್ತದೆ. ಎಸೆಯುವವನು ತೋಳಿನ ಬಲದಿಂದ ಅದನ್ನು ಬಾಗಿಸಲು ಹೋಗಿ, ದಾರವನ್ನು ನೀರಿಗೆ ಬಡಿದು, ಮಡುವಿನಲ್ಲಿದ್ದ ಮೀನುಗಳನ್ನೆಲ್ಲ ಕಲ್ಲಿನಡಿಗೆ ಓಡಿಸುತ್ತಾನೆ.

ಕೋಲುಗಳು ಹೀಗೆ ಗಡುಸಾದದ್ದಕ್ಕೆ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಸ್ಯಾಮ್ಯುಯೆಲ್ ಫಿಲಿಪ್ಪಿ, ಅನಂತರ ಮೇನ್ ರಾಜ್ಯದ ಹೈರಮ್ ಲೆನರ್ಡ್ ಮೊದಲಾದ ಕುಶಲಿಗಳು, ಬಿದಿರನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ತ್ರಿಕೋನವಾಗಿ ಹೆರೆದು, ಆರನ್ನು ಅಂಟಿಸಿ ಷಡ್ಭುಜಾಕಾರದ ಕೋಲು ಮಾಡುವ ವಿದ್ಯೆಯನ್ನು ಪರಿಪೂರ್ಣತೆಗೆ ತಂದರು. ಮೊದಮೊದಲು ಇದಕ್ಕೆ ಬಳಸಿದ್ದು ಕಲ್ಕತ್ತೆಯ ರೇವಿನಿಂದ ಹೋಗುತ್ತಿದ್ದ ಭಾರತದ ಬಿದಿರನ್ನು. ಮುಂದೆ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು ಅದರ ಸ್ಥಾನವನ್ನು ಆಕ್ರಮಿಸಿತು. 1950ರಲ್ಲಿ, ಕೊರಿಯಾದ ಯುದ್ಧಸಂದರ್ಭದಲ್ಲಿ, ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿದಾಗ ಆ ಬಿದಿರು ನಿಂತುಹೋಯಿತು. ಅದಕ್ಕೆ ಕೆಲವು ವರ್ಷ ಮೊದಲೇ ಆರ್ಥರ್ ಹೊವಾಲ್ಡ್ ಅವರ ವಿಧಾನದಂತೆ ಶೇಕ್ಸ್‌ಪಿಯರ್ ಕಂಪನಿಯು ಗಾಜಿನ ನಾರಿನ, ಎಂದರೆ ಫೈಬರ್ ಗ್ಲಾಸಿನ ಕೋಲುಗಳನ್ನು ಮಾರುಕಟ್ಟೆಗೆ ತಂದಿತ್ತು. ಬಿದಿರಿನ ಅಭಾವದಲ್ಲಿ ಅವು ಮನೆಮನೆಗೂ ಹಬ್ಬಿದವು. 1970ರ ದಶಕದ ಮೊದಲ ಭಾಗದಲ್ಲಿ ಫೆನ್ವಿಕ್ ಕಂಪನಿ ಗ್ರಾಫೈಟಿನ ಕೋಲನ್ನು ಹೊರತಂದಿತು. ವಿಮಾನಗಳ ರಚನೆಗೆಂದು ಬೆಳೆಸಿದ ಆ ಇಂಗಾಲದ ನಾರು ಗಾಜಿಗಿಂತ ಹಗುರ, ಅದಕ್ಕಿಂತ ಬಹಳ ಗಡುಸು. ಅಲ್ಲಿಂದೀಚೆಗೆ ತಯಾರಕರ ಸ್ಪರ್ಧೆಯೆಲ್ಲ ಹೆಚ್ಚು ಹಗುರ, ಹೆಚ್ಚು ಗಡುಸು, ಹೆಚ್ಚು ದೂರ ಎಂಬ ಮೂರು ಮಾತುಗಳ ಸುತ್ತ ನಡೆಯಿತು. ಎಂಬತ್ತು ಅಡಿಯಾಚೆಗೆ, ಎದುರುಗಾಳಿಯಲ್ಲಿ, ಸಮುದ್ರದ ಮೀನಿಗೆ ಎಸೆಯುವವನಿಗೆ ಆ ಸಾಧನೆ ನಿಜವಾಗಿಯೂ ಉಪಕಾರಿ. ಸಾವಿರ ಡಾಲರನ್ನು ಅವನು ವ್ಯರ್ಥವಾಗಿ ಕೊಡುವುದಿಲ್ಲ. ಇಪ್ಪತ್ತು ಅಡಿಯ ಪ್ರಪಂಚದಲ್ಲಿರುವವನಿಗೆ ಅದರಿಂದ ಪ್ರಯೋಜನವೇನು? ಕಾವ್ಯದ ಜೀವವೇ ಔಚಿತ್ಯವೆಂದು ಕಾಶ್ಮೀರದ ಕ್ಷೇಮೇಂದ್ರನು ಹೇಳಿದ್ದು ಉಪಕರಣಗಳಿಗೂ ಸಲ್ಲುವುದೆಂದು ನನಗೆ ತೋರುತ್ತದೆ.

ಹೀಗಾಗಿ, ದೊಡ್ಡ ನದಿಯವರು ಹಳತೆಂದು ಬದಿಗಿಟ್ಟ ಗಾಜಿನ ಕೋಲು ಈ ತೊರೆಯಲ್ಲಿ ಗೌರವದ ಸ್ಥಾನವನ್ನು ಪಡೆಯುತ್ತದೆ. ಅದು ನಿಧಾನವಾಗಿ, ಹಿಡಿಯವರೆಗೂ ಬಾಗುತ್ತದೆ. ಆರು ಅಡಿ ದಾರದ ಭಾರಕ್ಕೂ ಸ್ಪಂದಿಸುತ್ತದೆ. ಬಂಡೆಗೆ ತಾಗಿದರೆ ಗ್ರಾಫೈಟಿನಂತೆ ಸುಲಭವಾಗಿ ಸಿಡಿಯುವುದಿಲ್ಲ. ಅಂಗೈಯಗಲದ ಮೀನು ಹಿಡಿದಾಗ ಅದರ ಒಂದೊಂದು ಕಂಪನವೂ ಕೈಗೆ ತಿಳಿಯುತ್ತದೆ. ಈಗಲ್ ಕ್ಲಾ ಎಂಬ ಕಂಪನಿಯ ಫೆದರ್‌ಲೈಟ್ ಎಂಬ ಹಳದಿ ಬಣ್ಣದ ಗಾಜಿನ ಕೋಲು ಬಹುಕಾಲದಿಂದ 50 ಡಾಲರಿನೊಳಗೆ ಸಿಗುತ್ತಿದೆ. ಅದರಲ್ಲಿ ನಯನಾಜೂಕು ಕಡಮೆ, ಹಿಡಿ ಒರಟು. ಆದರೆ ರಾಪಿಡಾನಿನ ಮಡುಗಳಲ್ಲಿ ಅದು ಮಾಡಲಾರದ ಕೆಲಸವಿಲ್ಲ. ಹಳೆಯ ಸಾಮಾನು ಮಾರುವ ಮನೆಯಂಗಳಗಳಲ್ಲಿ ಶೇಕ್ಸ್‌ಪಿಯರ್ ಕಂಪನಿಯ ಬಿಳಿಯ ವಂಡರ್‌ರಾಡ್‌ಗಳು ಇನ್ನೂ ಅಲ್ಪಬೆಲೆಗೆ ಕಾಣಿಸಿಕೊಳ್ಳುವುದುಂಟು. ಅಂಥದನ್ನು ಕೊಳ್ಳುವವರು ಎರಡು ತುಂಡುಗಳು ಕೂಡುವ ಸಂದು ಸಡಿಲವಾಗಿಲ್ಲವೆಂಬುದನ್ನೂ, ದಾರ ಹಾಯುವ ಬಳೆಗಳಲ್ಲಿ ಸವೆದ ಗೀರುಗಳಿಲ್ಲವೆಂಬುದನ್ನೂ ಬೆರಳಿಟ್ಟು ನೋಡಬೇಕು. ಗೀರಿದ ಬಳೆ ಹೊಸ ದಾರವನ್ನು ಬಹುಬೇಗ ಕೆಡಿಸುತ್ತದೆ.

ಗ್ರಾಫೈಟನ್ನೇ ಬಯಸುವವರಿಗೂ ಮಾರ್ಗವಿದೆ. ರೆಡಿಂಗ್ಟನ್ ಕಂಪನಿಯ ಕ್ಲಾಸಿಕ್ ಟ್ರೌಟ್ ಎಂಬ ಕೋಲು ಬೇಕೆಂದೇ ಮಿದುವಾಗಿ ರಚಿತವಾದದ್ದು; ನಾಲ್ಕು ತುಂಡುಗಳಾಗಿ ಬಿಚ್ಚಿಕೊಳ್ಳುವುದರಿಂದ ಬೆನ್ನಚೀಲದಲ್ಲಿ ಒಯ್ಯಬಹುದು; ಬೆಲೆ 200 ಡಾಲರಿನ ಈಚೆ ಆಚೆ. 1856ರಲ್ಲಿ ಸ್ಥಾಪಿತವಾದ ಆರ್ವಿಸ್ ಕಂಪನಿಯ ಕ್ಲಿಯರ್‌ವಾಟರ್ ಅದಕ್ಕಿಂತ ಸ್ವಲ್ಪ ಹೆಚ್ಚಿನದು. ಮುರಿದರೆ ಅಲ್ಪ ಶುಲ್ಕಕ್ಕೆ ಸರಿಪಡಿಸಿಕೊಡುವ 25 ವರ್ಷಗಳ ಭರವಸೆ ಅದರೊಡನೆ ಬರುತ್ತದೆ. ಬಂಡೆಗಳ ಮೇಲೆ ಜಾರಿ ಬೀಳುವುದು ಅಪರೂಪವಲ್ಲದ ಈ ಹವ್ಯಾಸದಲ್ಲಿ ಆ ಭರವಸೆಗೂ ಒಂದು ಬೆಲೆಯುಂಟು. ಮೂರನೆಯ ದರ್ಜೆಯದು ನನ್ನ ಮೊದಲ ಆಯ್ಕೆ. ಮುಂದೆ ಸ್ವಲ್ಪ ದೊಡ್ಡ ಹೊಳೆಗೂ ಇದೇ ಆಗಲಿ ಎನ್ನುವವರು ನಾಲ್ಕನೆಯದನ್ನು ಕೊಳ್ಳಬಹುದು.

ಉದ್ದದ ವಿಷಯದಲ್ಲಿ ಬಲ್ಲವರೊಳಗೇ ತೀವ್ರವಾದ ಮತಭೇದವಿದೆ; ಎರಡು ಪಕ್ಷದಲ್ಲಿಯೂ ಸತ್ಯವಿದೆ. ಪೊದೆಗಳ ಸುರಂಗದಂತಿರುವ ಲಾರೆಲ್ ಪ್ರಾಂಗಿನಲ್ಲಿ ಕೋಲನ್ನು ಹಿಂದಕ್ಕೆ ಬೀಸಲು ತೆರಪೇ ಇರುವುದಿಲ್ಲ; ಆರೂವರೆ ಏಳು ಅಡಿಯ ಕೋಲಾದರೆ ಕೊಂಬೆಗಳ ಕೆಳಗೆ ನುಸುಳುತ್ತದೆ. ಅಲ್ಲಿ ಉಪಯೋಗಕ್ಕೆ ಬರುವ ಎಸೆತಗಳು ಎರಡು: ಒಂದು, ದಾರವನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲೆಯೇ ಉರುಳಿಸಿ ಕಳುಹಿಸುವುದು, ಇನ್ನೊಂದು, ಫ್ಲೈಯನ್ನು ಕೊಕ್ಕೆಯ ಬಾಗಿನಲ್ಲಿ ಎಚ್ಚರದಿಂದ ಹಿಡಿದು, ದಾರವನ್ನು ಹೆದೆಯಂತೆ ಎಳೆದು, ಕೋಲನ್ನು ಬಿಲ್ಲಿನಂತೆ ಮಣಿಸಿ ಬಿಡುವುದು. ಎರಡಕ್ಕೂ ಮಿದುವಾದ ಕೋಲೇ ಬೇಕು. ಎದುರು ಪಕ್ಷದವರು ಹೇಳುವುದು ಬೇರೆ: ನೀರಿನ ಹರಹು ಸ್ವಲ್ಪ ತೆರೆದುಕೊಂಡ ಕಡೆ ಉದ್ದನೆಯ ಕೋಲು ಇದ್ದರೆ, ನಡುವಿನ ವೇಗದ ಪ್ರವಾಹದ ಮೇಲೆ ದಾರ ಬೀಳದಂತೆ ಎತ್ತಿ ಹಿಡಿದು, ಆಚೆಯ ನಿಂತ ನೀರಿನಲ್ಲಿ ಫ್ಲೈಯನ್ನು ಸ್ವಾಭಾವಿಕವಾಗಿ ತೇಲಿಸಬಹುದು. ಇದೂ ಅನುಭವದ ಮಾತೇ. ಹಾಗೆ ನೋಡಿದರೆ ಜಪಾನಿನ ಬೆಟ್ಟದವರು ಬೆಳೆಸಿದ ಟೆಂಕರಾ ಪದ್ಧತಿಯಲ್ಲಿ ಕೋಲು ಹನ್ನೊಂದು ಹನ್ನೆರಡು ಅಡಿಯಷ್ಟಿರುತ್ತದೆ, ರೀಲಿಲ್ಲ, ಬಳೆಗಳಿಲ್ಲ, ದಾರವನ್ನು ತುದಿಗೇ ಕಟ್ಟುತ್ತಾರೆ, ವೆಚ್ಚವೂ ಅತ್ಯಲ್ಪ. ತೆರೆದ ತೊರೆಗೆ ಅದು ಮನೋಹರವಾದ ಸಾಧನ. ಆದರೆ ತೆರೆದ ಜಾಗ, ಪೊದೆಯ ಜಾಗ ಎರಡೂ ನೂರು ಹೆಜ್ಜೆಗೊಮ್ಮೆ ಬದಲಾಗುವ ರಾಪಿಡಾನಿನಂತಹ ಕಡೆ ಏಳರಿಂದ ಏಳೂವರೆ ಅಡಿಯ ಕೋಲೇ ಎಲ್ಲಕ್ಕೂ ಹೊಂದಿಕೊಳ್ಳುವುದೆಂದು ನನ್ನ ನಂಬಿಕೆ.

ನಮ್ಮ ನಾಡಿನ ಮಾತು ಬೇರೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು, ಭಾರತದ ಮೀನುಗಾರಿಕೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅದರ ನಾಯಕ ಮಹಶೀರ್ ಮೀನು. ಮಣಗಟ್ಟಲೆ ತೂಗಬಲ್ಲ ಆ ನದೀರಾಜನನ್ನು ಎದುರಿಸಲು ಬಲವಾದ ಕೋಲೂ ನೂರಾರು ಗಜ ದಾರವನ್ನು ಹೊತ್ತ ರೀಲೂ ಅಗತ್ಯವಾಗಿದ್ದವು. ಮೀನುಗಾರಿಕೆಯೆಂದರೆ ಬಲಪರೀಕ್ಷೆಯೆಂಬ ಭಾವನೆಯನ್ನು ಅಂತಹ ನದಿಗಳಿಂದ ತಂದವರು, ಅರವತ್ತು ಗ್ರಾಮಿನ ಮೀನಿಗೂ ಅದೇ ಸನ್ನಾಹವನ್ನು ಮಾಡಿಕೊಳ್ಳುವುದು ಸಹಜವಾದರೂ ಉಚಿತವಲ್ಲ.

ರೀಲಿನ ವಿಷಯದಲ್ಲಿ ಒಂದೇ ಮಾತು ಸಾಕು: ಇಲ್ಲಿ ಅದು ದಾರವನ್ನು ಸುತ್ತಿಡುವ ಡಬ್ಬಿ. ಬ್ರೂಕ್ ಟ್ರೌಟ್ ದಾರವನ್ನು ಎಳೆದುಕೊಂಡು ಓಡುವುದಿಲ್ಲ. ಆದ್ದರಿಂದ ಹಗುರವಾದ, ಅತ್ಯಂತ ಅಗ್ಗದ ರೀಲು ಸಾಕು. ಉಳಿದ ಹಣವನ್ನು ದಾರದ ಮೇಲೆ ಹಾಕಬೇಕು. ಕೋಲನ್ನು ಬಾಗಿಸುವುದೂ, ನೀರಿನ ಮೇಲೆ ಮೆಲ್ಲಗಿಳಿಯುವುದೂ ದಾರವೇ ಆದುದರಿಂದ, ನಲವತ್ತು ಡಾಲರಿನ ಕೋಲಿಗೆ ಅದಕ್ಕಿಂತ ಹೆಚ್ಚಿನ ಬೆಲೆಯ ದಾರವನ್ನು ಕಟ್ಟಿದರೂ ಅದು ವಿವೇಕವೇ. ಎರಡು ತುದಿಗೂ ಒಂದೇ ರೀತಿ ಸಪೂರವಾಗುವ ಡಬಲ್ ಟೇಪರ್ ಎಂಬ ಬಗೆಯದನ್ನು ಕೊಂಡರೆ, ಒಂದು ತುದಿ ಸವೆದಾಗ ದಾರವನ್ನು ತಿರುಗಿಸಿ ಸುತ್ತಿ ಇನ್ನೊಂದು ತುದಿಯನ್ನು ಹೊಸದರಂತೆ ಬಳಸಬಹುದು. ಕೊಂಡ ಕೋಲು ತುಸು ಗಡುಸೆಂದು ಆಮೇಲೆ ತೋರಿದರೆ, ಅದರ ಮೇಲೆ ಬರೆದುದಕ್ಕಿಂತ ಒಂದು ದರ್ಜೆ ಹೆಚ್ಚಿನ ದಾರವನ್ನು ಹಾಕಿ ಅದನ್ನು ಮಣಿಸಬಹುದು. ಬಹಳ ಜನ ಮೀನುಗಾರರು ಮಾಡಿಕೊಳ್ಳುವ ಉಪಾಯವಿದು.

ಅಂಗಡಿಯಲ್ಲಿ ಕೋಲನ್ನು ಬರಿದೇ ಅಲ್ಲಾಡಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ; ಹಾಗೆ ಅಲ್ಲಾಡಿಸಿದಾಗ ಗಡುಸಾದ ಕೋಲೇ ಚುರುಕೆಂದು ತೋರಿ ಮೋಸಗೊಳಿಸುತ್ತದೆ. ರೀಲನ್ನೂ ದಾರವನ್ನೂ ಜೋಡಿಸಿ ಹೊರಗಿನ ಹುಲ್ಲಿನ ಮೇಲೆ ಎಸೆದು ನೋಡಲು ಒಳ್ಳೆಯ ಅಂಗಡಿಯವರು ಅವಕಾಶ ಕೊಡುತ್ತಾರೆ. ಅಲ್ಲಿ ದೂರಕ್ಕೆ ಎಸೆಯುವ ಆಸೆಯನ್ನು ತಡೆದುಕೊಂಡು, ಹದಿನೈದು ಅಡಿಯಲ್ಲಿ ಒಂದು ಎಲೆಯನ್ನಿಟ್ಟು, ಮಣಿಕಟ್ಟಿನ ಅಲ್ಪ ಚಲನೆಯಿಂದಲೇ ದಾರವು ಅದರ ಬಳಿ ನೆಟ್ಟಗೆ ಬಿಚ್ಚಿಕೊಂಡು ಬೀಳುವುದೋ ಎಂದು ನೋಡಬೇಕು.

ಇನ್ನು ತೊರೆಗಿಳಿಯುವ ಮುನ್ನ ತಿಳಿದಿರಬೇಕಾದ ನಿಯಮಗಳು. ಹದಿನಾರು ವರ್ಷ ತುಂಬಿದವರಿಗೆ ಮೀನು ಹಿಡಿಯಲು ವರ್ಜೀನಿಯಾದ ಪರವಾನಗಿ ಅಗತ್ಯ; ಉದ್ಯಾನದೊಳಗಿನ ರಾಪಿಡಾನಿನಲ್ಲಿ ಹಿಡಿದ ಟ್ರೌಟನ್ನೆಲ್ಲ ಮರಳಿ ನೀರಿಗೆ ಬಿಡಬೇಕೆಂಬ ನಿಯಮವಿದೆ, ಜೀವಂತ ಹುಳುವಿಗೆ ಅವಕಾಶವಿಲ್ಲ, ಕೊಕ್ಕೆಗೆ ಮೊನೆ ಒಂದೇ ಇರಬೇಕು. ಆ ಮೊನೆಯ ಹಿಂದಿನ ಮುಳ್ಳನ್ನು ಇಕ್ಕುಳದಿಂದ ಒತ್ತಿಬಿಟ್ಟರೆ ಮೀನಿನ ಬಾಯಿಗೆ ನೋವು ಕಡಮೆ. ನೆನೆದ ಕೈಯಿಂದ, ನೀರಿನಿಂದ ಮೇಲೆತ್ತದೆಯೇ ಅದನ್ನು ಬಿಡಿಸಬಹುದು. ಅಗ್ಗದ ಕೋಲಿನಿಂದ ಉಳಿದ ಹಣದಲ್ಲಿ ಒಂದು ಚಿಕ್ಕ ಉಷ್ಣಮಾಪಕವನ್ನೂ ಕೊಳ್ಳಬೇಕೆಂದು ನಾನು ಬೇಡುತ್ತೇನೆ. ಈ ಮೀನಿಗೆ ತಣ್ಣೀರೇ ಪ್ರಾಣ. ನೀರಿನ ಶಾಖ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ಉಸಿರಿಗೇ ಕಷ್ಟಪಡುತ್ತಿರುತ್ತದೆ, ಆ ಸ್ಥಿತಿಯಲ್ಲಿ ಸೆಣಸಿ ದಣಿದ ಮೀನು ಬಿಟ್ಟುಕೊಟ್ಟರೂ ಬದುಕುವುದು ಸಂಶಯ. ಜುಲೈ ಆಗಸ್ಟ್ ತಿಂಗಳ ಮಧ್ಯಾಹ್ನಗಳಲ್ಲಿ ಉಷ್ಣಮಾಪಕವನ್ನು ನೀರಿಗಿಳಿಸಿ ನೋಡಿ, ಅಂಕಿ ಅಲ್ಲಿಗೆ ಹತ್ತಿರವಾಗಿದ್ದರೆ ಕೋಲನ್ನು ಬಿಚ್ಚಿ ಚೀಲದಲ್ಲಿಟ್ಟು, ಮರುದಿನ ನಸುಕಿನಲ್ಲಿ ಮಿಲ್ ಪ್ರಾಂಗಿನ ಮೇಲಿನ ಮಡುಗಳಿಗೆ ಹೋಗಬೇಕು.